ನಾಟ್‌ಮಚ್: ಬಳಸುವವರೂ ರಿಪೇರಿ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ, ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಹುಡುಕುವ ಪದ ಮಾತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ. ಆ ಕಥೆ ಮುಂದೆ ಬರುತ್ತದೆ.

ನಾಟ್‌ಮಚ್ ಅಂದರೆ ಏನು? ಜಿಮೇಲ್ ಥರದ್ದಾ?

ಅಲ್ಲ. ಇದು ಮೇಲ್ ತರುವುದಿಲ್ಲ, ಕಳಿಸುವುದೂ ಇಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಫೈಲ್‌ಗಳಾಗಿ ಕೂತಿರುವ ಮೇಲ್‌ಗಳನ್ನು ಓದಿ ಇಂಡೆಕ್ಸ್ ಮಾಡುತ್ತದೆ. ಕೇಳಿದ್ದನ್ನು ಹುಡುಕಿ ಕೊಡುತ್ತದೆ, ಟ್ಯಾಗ್ ಅಂಟಿಸುತ್ತದೆ. ಅಷ್ಟೇ. ಹೆಸರಿನ ಅರ್ಥವೂ ಅದೇ: 'ಜಾಸ್ತಿ ಏನಿಲ್ಲ'.

ಶುರು ಮಾಡಿದವರು ಕಾರ್ಲ್ ವರ್ತ್. ಕೇರೋ ಗ್ರಾಫಿಕ್ಸ್ ಲೈಬ್ರರಿಯ ಕೆಲಸದಿಂದ ಅವರ ಹೆಸರು ಮೊದಲೇ ಗೊತ್ತಿತ್ತು. ರೂಬಿಯಲ್ಲಿ ಬರೆದ ಸಪ್ ಎಂಬ ಮೇಲ್ ಪ್ರೋಗ್ರಾಂ ಆಗ ಇತ್ತು. ಟ್ಯಾಗ್, ಹುಡುಕಾಟ, ಥ್ರೆಡ್ (ಒಂದೇ ಮಾತುಕತೆಯ ಮೇಲ್‌ಗಳ ಸರಣಿ) ಎಲ್ಲ ಅದರಲ್ಲೂ ಇತ್ತು. ಅದರಿಂದ ಸ್ಫೂರ್ತಿ ಪಡೆದು, ಹುಡುಕುವ ಭಾಗವನ್ನಷ್ಟೇ ಒಂದು ವೇಗದ ಲೈಬ್ರರಿಯಾಗಿ ಮಾಡಿ 2009ರ ನವೆಂಬರ್‌ನಲ್ಲಿ ಹೊರಗಿಟ್ಟರು. 0.1 ಆವೃತ್ತಿ 2010ರಲ್ಲಿ ಬಂತು. ಹಲವು ವರ್ಷಗಳಿಂದ ಇದನ್ನು ಮುಖ್ಯವಾಗಿ ನೋಡಿಕೊಳ್ಳುತ್ತಿರುವವರು ಡೇವಿಡ್ ಬ್ರೆಮ್ನರ್. ಲೈಸೆನ್ಸ್ ಜಿಪಿಎಲ್, 3ನೇ ಆವೃತ್ತಿ ಅಥವಾ ಅದರ ನಂತರದ್ದು.

ಓದಲು ಇದರ ಜೊತೆಗೇ ಬರುವ ಒಂದು ಮುಖ ಇದೆ, ಈಮ್ಯಾಕ್ಸ್ ಎಂಬ ಎಡಿಟರ್ ಒಳಗೆ ಓಡುವಂಥದ್ದು. ವಿಮ್ ಎಂಬ ಎಡಿಟರ್‌ಗೂ ಒಂದಿದೆ. ನಿಯೋಮಟ್ ಎಂಬ ಮೇಲ್ ಪ್ರೋಗ್ರಾಂ ಕೂಡ ಇದನ್ನು ಬಳಸಬಲ್ಲದು. ಪೈಥಾನ್‌ನಲ್ಲಿ ಬರೆದ ಮೇಲ್ ರೀಡರ್ ಒಂದರ ಹೆಸರು 'ಅಲಾಟ್'. ತಾನಾಗಿ ಟ್ಯಾಗ್ ಹಾಕುವ ಸ್ಕ್ರಿಪ್ಟ್‌ನ ಹೆಸರು 'ಅಫ್ಯೂ'. ಜಾಸ್ತಿ ಏನಿಲ್ಲ, ತುಂಬಾ, ಒಂದಿಷ್ಟು. ಹೆಸರಿಡುವವರಿಗೆ ಬಿಡುವು ಚೆನ್ನಾಗಿ ಸಿಕ್ಕಿತ್ತು ಅನಿಸುತ್ತದೆ.

ಒಳಗೆ ಏನೇನಿದೆ? ಸ್ವಲ್ಪ ಬಿಡಿಸಿ ಹೇಳಿ.

ಮುಖ್ಯವಾಗಿ ಮೂರು ಲೈಬ್ರರಿಗಳ ಮೇಲೆ ನಿಂತಿದೆ. ಮೇಲ್ ಫೈಲನ್ನು ಬಿಚ್ಚಿ ತಲೆಬರಹ, ಪಠ್ಯ, ಅಟ್ಯಾಚ್‌ಮೆಂಟ್ ಎಂದು ಬೇರೆ ಮಾಡುವುದು ಜಿಮೈಮ್. ಪದಗಳನ್ನು ಇಂಡೆಕ್ಸ್ ಮಾಡಿ ಹುಡುಕುವುದು ಝ್ಯಾಪಿಯನ್. ಮೆಮೊರಿ ನೋಡಿಕೊಳ್ಳುವುದು ಟ್ಯಾಲಕ್, ಅದು ಸಾಂಬಾ ಪ್ರಾಜೆಕ್ಟ್‌ನಿಂದ ಬಂದದ್ದು. ನಾಟ್‌ಮಚ್‌ನ ಸ್ವಂತ ಕೋಡ್ ಬಹುಪಾಲು ಸಿ. ಝ್ಯಾಪಿಯನ್‌ಗೆ ತಾಗುವ ಕಡೆ ಮಾತ್ರ ಸಿ++.

ಇಂಡೆಕ್ಸ್ ಅಂದರೆ ಪಠ್ಯಪುಸ್ತಕದ ಕೊನೆಯಲ್ಲಿರುವ ಪದಗಳ ಪಟ್ಟಿಯ ಹಾಗೆ. ಪದ ಒಂದು ಕಡೆ, ಅದು ಬರುವ ಪುಟಗಳು ಇನ್ನೊಂದು ಕಡೆ. ಇಲ್ಲಿ ಪುಟದ ಬದಲು ಮೇಲ್. ನನಗೆ ತುಂಬಾ ಇಷ್ಟವಾದ ಸಂಗತಿ ಏನೆಂದರೆ, ಟ್ಯಾಗ್ ಕೂಡ ಆ ಪಟ್ಟಿಯಲ್ಲಿ ಇನ್ನೊಂದು ಪದ ಅಷ್ಟೇ. ಮುಂದೆ 'ಕೆ' ಅಕ್ಷರ ಸೇರಿಸಿ ಇಡುತ್ತಾರೆ, ಮಾಮೂಲಿ ಪದದ ಜೊತೆ ಬೆರೆಯದಿರಲಿ ಎಂದು. ಮೇಲ್‌ಗೆ 'ಬ್ಯಾಂಕ್' ಎಂಬ ಟ್ಯಾಗ್ ಹಾಕಿದಿರಿ ಅಂದರೆ ಮೇಲ್ ಫೈಲಿನಲ್ಲಿ ಒಂದಕ್ಷರವೂ ಬದಲಾಗಲ್ಲ. ಇಂಡೆಕ್ಸ್‌ನಲ್ಲಿ ಆ ಮೇಲ್‌ನ ಹೆಸರಿಗೆ ಒಂದು ಪದ ಜಾಸ್ತಿಯಾಯಿತು, ಅಷ್ಟೇ.

ಇದರಿಂದ ಬರುವ ಪರಿಣಾಮ ದೊಡ್ಡದು. ಮೇಲ್ ಫೈಲ್ ಇದ್ದರೆ ಇಂಡೆಕ್ಸನ್ನು ಯಾವಾಗ ಬೇಕಾದರೂ ಮತ್ತೆ ಕಟ್ಟಬಹುದು. ಟ್ಯಾಗ್ ಮಾತ್ರ, ಮುಂದೆ ಹೇಳುವ ಐದನ್ನು ಬಿಟ್ಟರೆ, ಇಂಡೆಕ್ಸ್ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಈ ಪುಟದ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ.

ಇಂಡೆಕ್ಸ್ ಕೆಟ್ಟಿತು ಅನಿಸುತ್ತಿದೆ. ಅಳಿಸಿ ಮತ್ತೆ ಮಾಡಲಾ?

ತಡೀರಿ. ಮೊದಲು 'ನಾಟ್‌ಮಚ್ ಡಂಪ್' ಓಡಿಸಿ. ಅದು ಟ್ಯಾಗ್‌ಗಳನ್ನೆಲ್ಲ ಬರೆದುಕೊಡುತ್ತದೆ, ಬಂದದ್ದನ್ನು ಬೇರೆ ಕಡೆ ಇಟ್ಟುಕೊಳ್ಳಿ.

ನಾನು ಒಮ್ಮೆ ಹಾಗೆ ಮಾಡಲಿಲ್ಲ. 'ಫೈಲ್‌ಗಳು ಇವೆಯಲ್ಲ, ಇಂಡೆಕ್ಸ್ ಮತ್ತೆ ಬರುತ್ತದೆ' ಎಂಬ ಧೈರ್ಯದಲ್ಲಿ ಮೇಲ್ ಡೈರೆಕ್ಟರಿಯೊಳಗಿನ ಅಡಗಿದ ನಾಟ್‌ಮಚ್ ಫೋಲ್ಡರನ್ನು ಅಳಿಸಿದೆ. ಇಂಡೆಕ್ಸ್ ಬಂತು. ಹುಡುಕಾಟವೂ ನಡೆಯಿತು. ಐದು ವರ್ಷ ಕೈಯಾರೆ ಹಾಕಿದ ಟ್ಯಾಗ್‌ಗಳು ಮಾತ್ರ ಹೋದವು. ಅದರ ಬದಲು ಇಡೀ ಪೆಟ್ಟಿಗೆಗೆ 'ಇನ್‌ಬಾಕ್ಸ್' ಟ್ಯಾಗ್ ಬಿದ್ದಿತ್ತು. ಹೊಸದಾಗಿ ಕಂಡ ಮೇಲ್‌ಗೆಲ್ಲ ಅದು ಹಾಗೇ ಮಾಡುತ್ತದೆ, ಅದರ ತಪ್ಪೇನಿಲ್ಲ.

ಪೂರ್ತಿ ಮುಳುಗಲಿಲ್ಲ ಅನ್ನಿ. ಮೇಲ್‌ಡಿರ್ ಎಂಬ ಪದ್ಧತಿಯಲ್ಲಿ ಪ್ರತಿ ಮೇಲ್ ಒಂದು ಫೈಲ್, ಆ ಫೈಲಿನ ಹೆಸರಿನ ಬಾಲದಲ್ಲಿ ಒಂದೊಂದು ಅಕ್ಷರದ ಗುರುತುಗಳಿರುತ್ತವೆ. ಓದಿದ್ದು, ಉತ್ತರ ಬರೆದದ್ದು, ಮುಂದೆ ಕಳಿಸಿದ್ದು, ಬಾವುಟ ಹಚ್ಚಿದ್ದು, ಡ್ರಾಫ್ಟ್. ನಾಟ್‌ಮಚ್ ಈ ಐದನ್ನು ಟ್ಯಾಗ್ ಜೊತೆ ಹೊಂದಿಸುತ್ತದೆ. ಅವು ಫೈಲಿನ ಹೆಸರಲ್ಲೇ ಇದ್ದದ್ದರಿಂದ ವಾಪಸ್ ಬಂದವು. 'ಮನೆ-ಸಾಲ', 'ಅಪ್ಪನ-ಆಸ್ಪತ್ರೆ' ಬರಲಿಲ್ಲ.

ಈಗ ಡಂಪ್ ಪ್ರತಿ ರಾತ್ರಿ ತಾನಾಗಿ ಓಡುತ್ತದೆ. ಸಾದಾ ಪಠ್ಯ, ಸಾಲಿಗೊಂದು ಮೇಲ್. 'ನಾಟ್‌ಮಚ್ ರೀಸ್ಟೋರ್' ಕೊಟ್ಟರೆ ವಾಪಸ್. ಹೊಸ ಆವೃತ್ತಿಗೆ ಹೋಗುವಾಗ ಡೇಟಾಬೇಸ್ ಮೇಲ್ದರ್ಜೆಗೆ ಏರಬೇಕಾಗಿ ಬಂದರೆ ನಾಟ್‌ಮಚ್ ತಾನೇ ಒಂದು ಡಂಪ್ ತೆಗೆದಿಡುತ್ತದೆ. ಅದನ್ನೇ ನಂಬಿ ಕೂರಬೇಡಿ.

ಹೊಸ ಮೇಲ್ ಡೈರೆಕ್ಟರಿಗೆ ಬಂದಿದೆ, ಹುಡುಕಿದರೆ ಸಿಗ್ತಿಲ್ಲ. ಯಾಕೆ?

'ನಾಟ್‌ಮಚ್ ನ್ಯೂ' ಓಡಿಸಿದಿರಾ? ಮೇಲ್ ತರುವ ಪ್ರೋಗ್ರಾಂ ಬೇರೆ, ಇದು ಬೇರೆ. ಎಂಬಿಸಿಂಕ್ ಅಥವಾ ಆಫ್‌ಲೈನ್‌ಐಮ್ಯಾಪ್ ಫೈಲ್ ತಂದಿಟ್ಟ ಮೇಲೆ ಈ ಕಮಾಂಡ್ ಓಡಬೇಕು.

ಓಡಿಸಿದ ಮೇಲೂ ಸಿಗದಿದ್ದರೆ ವಿಷಯ ಸ್ವಾರಸ್ಯವಾಗಿದೆ. ಲಕ್ಷ ಮೇಲ್ ಇರುವವರ ಪೆಟ್ಟಿಗೆಯನ್ನು ಪ್ರತಿ ಸಲ ಪೂರ್ತಿ ತಡಕಾಡಲು ಆಗಲ್ಲ. ಹಾಗಾಗಿ ನಾಟ್‌ಮಚ್ ಪ್ರತಿ ಡೈರೆಕ್ಟರಿ ಕೊನೆಗೆ ಯಾವಾಗ ಬದಲಾಯಿತು ಎಂಬ ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ. ಸಮಯ ಬದಲಾಗಿಲ್ಲ ಅಂದರೆ ಒಳಗಿನ ಮೇಲ್ ಫೈಲ್‌ಗಳ ಕಡೆ ತಲೆಹಾಕುವುದಿಲ್ಲ. ಇಲ್ಲೊಂದು ಸಂದು ಇದೆ. ಸಮಯದ ಅಳತೆ ಸೆಕೆಂಡಿನಲ್ಲಿ. ನಾಟ್‌ಮಚ್ ಡೈರೆಕ್ಟರಿ ನೋಡಿದ ಅದೇ ಸೆಕೆಂಡಿನಲ್ಲಿ ಇನ್ನೊಂದು ಮೇಲ್ ಬಿದ್ದರೆ? ಸಮಯ ಅದೇ ಇರುತ್ತದೆ, ಮುಂದಿನ ಸಲವೂ ಆ ಮೇಲ್ ಕಣ್ಣಿಗೆ ಬೀಳಲ್ಲ. ಅದಕ್ಕೇ, ಡೈರೆಕ್ಟರಿಯ ಸಮಯವೂ ಈಗಿನ ಗಡಿಯಾರವೂ ಒಂದೇ ಆಗಿದ್ದರೆ ಅದನ್ನು ಬರೆದಿಟ್ಟುಕೊಳ್ಳದೆ ಬಿಡುತ್ತದೆ. ಮುಂದಿನ ಸಲ ಮತ್ತೆ ನೋಡುತ್ತದೆ. ಎರಡು ಸಾಲಿನ ಕೋಡ್ ಅಷ್ಟೆ, ಆದರೆ ಯಾರೋ ಕೂತು ಯೋಚಿಸಿದ್ದಾರೆ.

ಬ್ಯಾಕಪ್‌ನಿಂದ ಹಳೇ ಸಮಯದ ಸಮೇತ ಫೈಲ್‌ಗಳನ್ನು ಕಾಪಿ ಮಾಡಿದರೆ ಈ ಲೆಕ್ಕ ಕೈಕೊಡಬಹುದು. ಆಗ 'ಫುಲ್ ಸ್ಕ್ಯಾನ್' ಆಯ್ಕೆ ಕೊಡಿ. ಇನ್ನೊಂದು ಮಾತು: ಮೇಲ್ ಫೈಲನ್ನು ತೆರೆದು ಒಳಗೆ ತಿದ್ದಿದರೆ ನಾಟ್‌ಮಚ್‌ಗೆ ಗೊತ್ತಾಗುವುದಿಲ್ಲ. ಬಂದ ಮೇಲ್ ಬದಲಾಗಲ್ಲ ಎಂಬ ನಂಬಿಕೆಯ ಮೇಲೇ ಇದು ಕಟ್ಟಿದ್ದು. ತಿದ್ದಲೇಬೇಕಾಗಿ ಬಂದರೆ ಆಮೇಲೆ 'ರೀಇಂಡೆಕ್ಸ್' ಮಾಡಿ.

ಕನ್ನಡದಲ್ಲಿ ಹುಡುಕಬಹುದಾ?

ಯೂನಿಕೋಡ್ ಮೇಲ್ ಆದರೆ ಹೌದು. ಆದರೆ ಕೆಲವು ಸೂಕ್ಷ್ಮ ತಿಳಿದಿರಬೇಕು.

ಇಂಗ್ಲಿಷ್ ಪದಗಳಿಗೆ ಝ್ಯಾಪಿಯನ್ ಬಾಲ ಕತ್ತರಿಸುವ ಕೆಲಸ ಮಾಡುತ್ತದೆ. 'ಇನ್‌ವಾಯ್ಸ್' ಎಂದು ಕೇಳಿದರೆ ಅದರ ಬಹುವಚನ ಇರುವ ಮೇಲೂ ಸಿಗುತ್ತದೆ. ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಿದರೆ ಕತ್ತರಿ ಓಡಲ್ಲ, ಹೆಸರುಗಳಿಗೆಂದು ಈ ಅನುಕೂಲ. ನಾಟ್‌ಮಚ್ ಬಳಸುವುದು ಇಂಗ್ಲಿಷಿನ ಕತ್ತರಿಯನ್ನು. ಅದು ಕನ್ನಡ ಪದವನ್ನು ಮುಟ್ಟುವುದೇ ಇಲ್ಲ. ನಮ್ಮ ಭಾಷೆಯಲ್ಲೋ, ಪ್ರತ್ಯಯ ಹತ್ತದ ಪದ ಸಿಗುವುದೇ ಅಪರೂಪ. 'ಮನೆ' ಎಂದು ಹುಡುಕಿದರೆ 'ಮನೆಯಲ್ಲಿ' ಸಿಗಲ್ಲ, 'ಮನೆಗೆ' ಸಿಗಲ್ಲ.

ಉಪಾಯ ಎಂದರೆ ನಕ್ಷತ್ರ. 'ಮನೆ*' ಎಂದರೆ ಮನೆಯಿಂದ ಶುರುವಾಗುವ ಎಲ್ಲವೂ. ಉಕಾರದಲ್ಲಿ ಮುಗಿಯುವ ಪದಕ್ಕೆ ಇನ್ನೂ ಒಂದು ಚಾಲಾಕಿ ಬೇಕು. 'ಊರು*' ಎಂದರೆ 'ಊರಿಗೆ' ಸಿಗುವುದಿಲ್ಲ. 'ಊರ*' ಎನ್ನಿ. ಕಂಪ್ಯೂಟರಿಗೆ 'ರು' ಅಂದರೆ 'ರ' ಮತ್ತು ಕೊಂಬು, ಎರಡು ಬೇರೆ ಬೇರೆ ಸಂಕೇತ. ಹಾಗಾಗಿ ಊರು, ಊರಿಗೆ, ಊರಲ್ಲಿ ಮೂರೂ 'ಊರ'ದಿಂದಲೇ ಶುರು. ಇದೇ ಕಾರಣಕ್ಕೆ 'ಹಣ*' ಎಂದು ಹುಡುಕಿದರೆ ಹಣದ ಜೊತೆ ಹಣ್ಣು, ಹಣೆ, ಹಣೆಬರಹ ಎಲ್ಲ ಬರುತ್ತವೆ. ಸಾಲದ ಮೇಲ್ ಹುಡುಕುವಾಗ ಹಣೆಬರಹ ಬಂದರೆ ತಪ್ಪೆನ್ನಲು ಮನಸ್ಸು ಬರಲ್ಲ.

ನಕ್ಷತ್ರ ಕೊನೆಯಲ್ಲಿ ಮಾತ್ರ. ಮೊದಲಲ್ಲಿ ಹಾಕಿ 'ಊರು' ಎಂದು ಮುಗಿಯುವ ಊರುಗಳನ್ನೆಲ್ಲ ಹುಡುಕಲು ಆಗುವುದಿಲ್ಲ.

'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವಲ್ಲ, ಒತ್ತಕ್ಷರ ಆಗದಿರಲಿ ಎಂದು? ಅದು ಪದದ ಮಧ್ಯೆ ಬಂದರೆ ಝ್ಯಾಪಿಯನ್ ಗಣನೆಗೆ ತೆಗೆದುಕೊಳ್ಳದೆ ದಾಟುತ್ತದೆ. ಒಬ್ಬರು ಅದನ್ನು ಹಾಕಿ ಬರೆದರೂ ಇನ್ನೊಬ್ಬರು ಹಾಕದೆ ಬರೆದರೂ ಹುಡುಕಾಟಕ್ಕೆ ಒಂದೇ. ಆದರೆ 'ಕೋ'ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ತುಂಡು ತುಂಡು ಮಾಡಿಯೂ ಬರೆಯಬಹುದು. ನೋಡಲು ಒಂದೇ ಥರ, ಬೈಟ್‌ಗಳು ಬೇರೆ. ಝ್ಯಾಪಿಯನ್ ಇವೆರಡನ್ನು ಒಂದು ಮಾಡುವುದಿಲ್ಲ.

ಹಳೇ ಕನ್ನಡ ಮೇಲ್‌ಗಳು ಹುಡುಕಿದರೆ ಬರೋದೇ ಇಲ್ಲವಲ್ಲ?

ಅವು ನುಡಿ ಅಥವಾ ಬರಹ ಫಾಂಟಿನ ಕಾಲದವಾಗಿರಬೇಕು. ಆ ಮೇಲ್‌ಗಳಲ್ಲಿ ಕನ್ನಡವೇ ಇಲ್ಲ. ಇರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಮಾತ್ರ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟ್ ತೆಗೆದರೆ ಗಿಜಿಬಿಜಿ. ಇಂಡೆಕ್ಸ್‌ಗೆ ಫಾಂಟ್ ಗೊತ್ತಿಲ್ಲ, ಅದು ಗಿಜಿಬಿಜಿಯನ್ನೇ ಶ್ರದ್ಧೆಯಿಂದ ಓದಿಕೊಳ್ಳುತ್ತದೆ.

ಆ ಗಿಜಿಬಿಜಿಯನ್ನೇ ಹುಡುಕಿದರಾಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಪೂರ್ತಿ ಆಗಲ್ಲ. ನುಡಿಯಲ್ಲಿ 'ನ' ಅಕ್ಷರ ಕೂರುವುದು ಬ್ರಿಟಿಷ್ ಪೌಂಡಿನ ಚಿಹ್ನೆಯ ಜಾಗದಲ್ಲಿ. ಝ್ಯಾಪಿಯನ್‌ಗೆ ಅದು ಅಕ್ಷರ ಅಲ್ಲ, ದುಡ್ಡಿನ ಗುರುತು. ಹಾಗಾಗಿ ಪದ ಅಲ್ಲೇ ತುಂಡಾಗುತ್ತದೆ. 'ಕನ್ನಡ' ಎಂಬ ಪದವೇ ಇಂಡೆಕ್ಸ್‌ನಲ್ಲಿ ಎರಡು ಚೂರು. ಇದು ನಾಟ್‌ಮಚ್‌ನ ಬಗ್ ಅಲ್ಲ, ವರದಿ ಮಾಡಬೇಡಿ. ಬೇಕೇ ಬೇಕು ಅನಿಸಿದ ಮೇಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅಥವಾ ಕಳಿಸಿದವರ ಹೆಸರು, ತಾರೀಖು ಹಿಡಿದು ಹುಡುಕಿ ಕೈಯಾರೆ ಟ್ಯಾಗ್ ಹಾಕಿ.

ಟ್ಯಾಗ್ ಕನ್ನಡದಲ್ಲಿ ಇಡಬಹುದಾ?

ಧಾರಾಳವಾಗಿ. ಒಂದು ಟ್ಯಾಗ್‌ಗೆ 200 ಬೈಟ್ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ನಮಗೆ ಎರಡಕ್ಷರದ ಹಾಗೆ ಕಾಣುವ 'ಬ್ಯಾಂಕ್' ನಿಜಕ್ಕೂ 7 ಸಂಕೇತ, 21 ಬೈಟ್. ಹಾಗಿದ್ದರೂ 66 ಸಂಕೇತಗಳವರೆಗೆ ಜಾಗ ಇದೆ, ಗಾದೆಯನ್ನೇ ಟ್ಯಾಗ್ ಮಾಡುವವರನ್ನು ಬಿಟ್ಟರೆ ಉಳಿದವರಿಗೆಲ್ಲ ಸಾಕು.

ಡಂಪ್ ಫೈಲ್ ತೆರೆದಾಗ ಗಾಬರಿಯಾಗಬೇಡಿ. ಕನ್ನಡ ಟ್ಯಾಗ್‌ಗಳು ಅಲ್ಲಿ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಸಾಲಾಗಿ ಕಾಣುತ್ತವೆ. ಹಾಳಾಗಿಲ್ಲ. ಖಾಲಿ ಜಾಗ, ವಿಶೇಷ ಅಕ್ಷರ ಇದ್ದರೂ ಒಂದೊಂದು ಸಾಲನ್ನು ತಪ್ಪದೆ ಓದಲಿ ಎಂದು ಬೈಟ್‌ಗಳನ್ನು ಹಾಗೆ ಬರೆಯುತ್ತಾರೆ. ರೀಸ್ಟೋರ್ ಮಾಡಿದರೆ ಕನ್ನಡ ಹಾಗೇ ಬರುತ್ತದೆ.

ನಕ್ಷತ್ರ ಹಾಕಿದರೆ ಏನೇನೋ ಬರುತ್ತದೆ.

ಕೋಟ್ ಹಾಕಲಿಲ್ಲ ಅಲ್ವಾ? ಬರೀ ನಕ್ಷತ್ರ ಕಂಡರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಅದನ್ನು ಆ ಡೈರೆಕ್ಟರಿಯ ಫೈಲ್‌ಗಳ ಹೆಸರಾಗಿ ಬದಲಿಸಿಬಿಡುತ್ತದೆ. ಪಾಪ ನಾಟ್‌ಮಚ್ ಆ ಹೆಸರುಗಳನ್ನೇ ಹುಡುಕುತ್ತದೆ. ಆವರಣ ಚಿಹ್ನೆಗೂ ಇದೇ ಗತಿ. ಹುಡುಕುವ ಇಡೀ ಸಾಲನ್ನು ಒಂಟಿ ಕೋಟ್‌ನಲ್ಲಿ ಇಡಿ.

ಟ್ಯಾಗ್ ಕಮಾಂಡ್‌ನಲ್ಲಿ ಟ್ಯಾಗ್‌ಗಳು ಮುಗಿದ ಮೇಲೆ ಎರಡು ಅಡ್ಡಗೆರೆ ಹಾಕಿ ಆಮೇಲೆ ಹುಡುಕಾಟ ಬರೆಯಿರಿ. ಇಲ್ಲದಿದ್ದರೆ ಹುಡುಕುವ ಪದವೇ ಟ್ಯಾಗ್ ತೆಗೆಯುವ ಆದೇಶವಾಗಬಹುದು.

ಓದುತ್ತಿರುವಾಗ 'ರಿವಿಷನ್ ಡಿಸ್ಕಾರ್ಡೆಡ್' ಎಂದು ಬಂದು ನಿಲ್ಲುತ್ತದೆ. ಡೇಟಾಬೇಸ್ ಕೆಟ್ಟಿತಾ?

ಇಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾಟ್‌ಮಚ್ ಕೋಡ್ ಯಾಕೆ ಹೀಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಬಗ್ ಇಲ್ಲ.

ಝ್ಯಾಪಿಯನ್ ಡೇಟಾಬೇಸಿಗೆ ಬರೆಯುವವರು ಒಂದು ಹೊತ್ತಿಗೆ ಒಬ್ಬರೇ. ಓದುವವರು ಎಷ್ಟು ಜನ ಬೇಕಾದರೂ ಇರಬಹುದು, ಅವರು ಬೀಗಕ್ಕೆ ಕಾಯುವುದಿಲ್ಲ. ಓದಲು ಶುರು ಮಾಡಿದ ಕ್ಷಣದ ಚಿತ್ರ ಒಂದನ್ನು ಹಿಡಿದು ಓದುತ್ತಾರೆ. ಬರೆಯುವವರು ಒಮ್ಮೆ ಕಮಿಟ್ ಮಾಡಿದರೆ, ಅಂದರೆ ಬರೆದದ್ದನ್ನು ಪಕ್ಕಾ ಮಾಡಿದರೆ, ಆ ಹಳೇ ಚಿತ್ರ ಇನ್ನೂ ಉಳಿದಿರುತ್ತದೆ. ಎರಡನೇ ಸಲ ಕಮಿಟ್ ಮಾಡಿದಾಗ ಹಳೆಯದರ ಜಾಗವನ್ನು ಮತ್ತೆ ಬಳಸಿಕೊಳ್ಳಬಹುದು. ನೀವು ಓದುತ್ತಿದ್ದ ಹಾಳೆಯನ್ನೇ ಯಾರೋ ಎಳೆದುಕೊಂಡು ಅದರ ಮೇಲೆ ಬರೆದ ಹಾಗೆ. ಆಗ ಝ್ಯಾಪಿಯನ್ 'ನೀನು ಓದುತ್ತಿದ್ದದ್ದು ಈಗ ಇಲ್ಲ, ಮತ್ತೆ ತೆರೆ' ಎಂದು ಎಕ್ಸೆಪ್ಷನ್ (ತಪ್ಪಾಯಿತು ಎಂಬ ಸೂಚನೆ) ಎಸೆಯುತ್ತದೆ. ಐದು ನಿಮಿಷಕ್ಕೊಮ್ಮೆ ಹಿಂದೆ 'ನ್ಯೂ' ಓಡುತ್ತಾ, ಮುಂದೆ ನೀವು ಹತ್ತು ಸಾವಿರ ಥ್ರೆಡ್‌ನ ಪಟ್ಟಿ ನೋಡುತ್ತಾ ಕೂತಿದ್ದರೆ ಇದು ಬಂದೇ ಬರುತ್ತದೆ.

ಬಳಸುವವರಿಗೆ ಪರಿಹಾರ ಸುಲಭ, ಮತ್ತೆ ಹುಡುಕಿ. ನಾಟ್‌ಮಚ್‌ನ ಕೋಡ್ ಬರೆಯುವವರಿಗೆ ಅಷ್ಟು ಸುಲಭವಲ್ಲ. ಎಕ್ಸೆಪ್ಷನ್ ಹುಟ್ಟುವುದು ಸಿ++ ಕಡೆ, ಲೈಬ್ರರಿಯ ಬಾಗಿಲು ಇರುವುದು ಸಿ ಕಡೆ. ಸಿಯಲ್ಲಿ ಎಕ್ಸೆಪ್ಷನ್ ಎಂಬುದೇ ಇಲ್ಲ. ಮೊದಲ ದಿನಗಳ ಎಷ್ಟೋ ಫಂಕ್ಷನ್‌ಗಳು ಉತ್ತರವನ್ನು ನೇರವಾಗಿ ಕೊಡುತ್ತಿದ್ದವು. ತಪ್ಪಾಯಿತು ಎಂದು ಹೇಳಲು ಅವುಗಳ ಬಳಿ ಬಾಯಿಯೇ ಇರಲಿಲ್ಲ. ಆಮೇಲೆ ಒಂದೊಂದನ್ನೇ ಬದಲಿಸುತ್ತಾ ಬಂದರು: ಫಂಕ್ಷನ್ ಕೊಡುವುದು ಸ್ಥಿತಿಯ ಸಂಖ್ಯೆ, ಉತ್ತರ ಬರುವುದು ಪಾಯಿಂಟರ್ ಮೂಲಕ. ಲೈಬ್ರರಿಯಲ್ಲಿ ಕೆಲವು ಹೆಸರುಗಳ ಕೊನೆಗೆ 'ಎಸ್‌ಟಿ' ಎಂಬ ಬಾಲ ಬಂದದ್ದು ಹೀಗೆ. ಡೇಟಾಬೇಸನ್ನು ಮತ್ತೆ ತೆರೆಯುವ ಫಂಕ್ಷನ್ ಕೂಡ ಈಗ ಲೈಬ್ರರಿಯಲ್ಲಿದೆ.

ಹೊಸ ಪ್ಯಾಚ್ (ಕೋಡ್‌ಗೆ ತಿದ್ದುಪಡಿ) ಬರೆಯುವಾಗ ಝ್ಯಾಪಿಯನ್ ಮುಟ್ಟುವ ಪ್ರತಿ ಸಾಲನ್ನೂ ಹಿಡಿದು 'ಇಲ್ಲಿ ಎಕ್ಸೆಪ್ಷನ್ ಬಂದರೆ ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿಕೊಳ್ಳಿ. ಪ್ಯಾಚ್ ನೋಡುವವರು ಖಂಡಿತ ಕೇಳುತ್ತಾರೆ.

ಪೈಥಾನ್ ಸ್ಕ್ರಿಪ್ಟ್ ಮುಗಿಯುವಾಗ ಕ್ರ್ಯಾಶ್ ಆಗುತ್ತದೆ.

ಹಳೇ ಬೈಂಡಿಂಗ್ (ಪೈಥಾನ್‌ನಿಂದ ಲೈಬ್ರರಿಯನ್ನು ಬಳಸಲು ಇರುವ ಕೊಂಡಿ) ಬಳಸುತ್ತಿದ್ದೀರಿ. ಟ್ಯಾಲಕ್‌ನಲ್ಲಿ ಮೆಮೊರಿಗೆ ಅಪ್ಪ ಮಕ್ಕಳ ಸಂಬಂಧ ಇರುತ್ತದೆ. ಡೇಟಾಬೇಸನ್ನು ಬಿಡುಗಡೆ ಮಾಡಿದರೆ ಅದರಿಂದ ಹುಟ್ಟಿದ ಕ್ವೆರಿ (ಹುಡುಕಾಟ), ಮೇಲ್ ಎಲ್ಲ ಒಟ್ಟಿಗೆ ಹೋಗುತ್ತವೆ. ಸಿಯಲ್ಲಿ ಇದು ವರ. ಪೈಥಾನ್ ಮಾತ್ರ ವಸ್ತುಗಳನ್ನು ತನಗೆ ತೋಚಿದ ಕ್ರಮದಲ್ಲಿ ಬಿಡುತ್ತದೆ. ಅಪ್ಪ ಮೊದಲು ಹೋಗಿ, ಆಮೇಲೆ ಇಲ್ಲದ ಮಗನನ್ನು ಬಿಡಲು ಹೋದರೆ ಅಲ್ಲೇ ಕುಸಿಯುತ್ತದೆ. 'ನಾಟ್‌ಮಚ್2' ಎಂಬ ಹೊಸ ಬೈಂಡಿಂಗ್ ಬರೆದದ್ದಕ್ಕೆ ಇದೇ ದೊಡ್ಡ ಕಾರಣ. ಅದಕ್ಕೆ ಬದಲಾಯಿಸಿಕೊಳ್ಳಿ.

ಸಂಬಂಧವೇ ಇಲ್ಲದ ಮೇಲ್‌ಗಳು ಒಂದೇ ಥ್ರೆಡ್‌ನಲ್ಲಿ ಬರುತ್ತವೆ.

ನಾಟ್‌ಮಚ್ ಥ್ರೆಡ್ ಕಟ್ಟುವುದು ವಿಷಯದ ಸಾಲು ನೋಡಿ ಅಲ್ಲ. ಯಾವ ಮೇಲ್‌ಗೆ ಇದು ಉತ್ತರ ಎಂದು ಹೇಳುವ ತಲೆಬರಹ ನೋಡಿ. ಹಳೇ ಮೇಲ್ ತೆರೆದು 'ರಿಪ್ಲೈ' ಒತ್ತಿ, ವಿಷಯ ಬದಲಿಸಿ ಹೊಸ ಮಾತು ಶುರು ಮಾಡುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಆ ಥ್ರೆಡ್ ಅವರ ಕೊಡುಗೆ.

ಉತ್ತರ ಮೊದಲು ಬಂದು ಮೂಲ ಮೇಲ್ ಆಮೇಲೆ ಬರುವುದೂ ಉಂಟು. ಆಗ ಬಾರದ ಮೇಲ್‌ನ ಹೆಸರಿನಲ್ಲಿ ಒಂದು 'ದೆವ್ವದ ಮೇಲ್' ಇಟ್ಟುಕೊಳ್ಳುತ್ತದೆ. ಕೋಡ್‌ನಲ್ಲೂ ಅದರ ಹೆಸರು ಅದೇ, ಗೋಸ್ಟ್. ಮೂಲ ಬಂದಾಗ ದೆವ್ವಕ್ಕೆ ಮೈ ಬರುತ್ತದೆ.

ಗುರುತಿನ ಸಂಖ್ಯೆ (ತಲೆಬರಹದ ಮೆಸೇಜ್ ಐಡಿ) ಒಂದೇ ಇರುವ ಎರಡು ಫೈಲ್‌ಗಳು ನಾಟ್‌ಮಚ್‌ಗೆ ಒಂದೇ ಮೇಲ್, ಎರಡು ಪ್ರತಿ. ಹಿಂದೆ ಮೊದಲ ಪ್ರತಿಯ ಪಠ್ಯ ಮಾತ್ರ ಇಂಡೆಕ್ಸ್ ಆಗುತ್ತಿತ್ತು. ಯಾರಾದರೂ ಅದೇ ಸಂಖ್ಯೆ ಹಾಕಿ ಬೇರೆ ಮೇಲ್ ಕಳಿಸಿದರೆ ಒಂದು ಇನ್ನೊಂದನ್ನು ಮರೆಮಾಡುತ್ತಿತ್ತು. 2018ರ 0.26ರಿಂದ ಎಲ್ಲ ಪ್ರತಿಗಳ ಪಠ್ಯವೂ ಇಂಡೆಕ್ಸ್ ಆಗುತ್ತದೆ.

'ಡಿಲೀಟೆಡ್' ಟ್ಯಾಗ್ ಹಾಕಿದರೂ ಡಿಸ್ಕ್ ಖಾಲಿ ಆಗ್ತಿಲ್ಲ.

ಆಗುವುದಿಲ್ಲ. ನಾಟ್‌ಮಚ್ ನಿಮ್ಮ ಮೇಲ್ ಫೈಲ್ ಅಳಿಸುವುದಿಲ್ಲ. ಆ ಟ್ಯಾಗ್ ಇರುವುದನ್ನು ಹುಡುಕಾಟದಲ್ಲಿ ತೋರಿಸದೆ ಬಿಡುತ್ತದೆ, ಅಷ್ಟೇ. ಅಳಿಸಬೇಕಿದ್ದರೆ ಆ ಟ್ಯಾಗ್‌ನ ಫೈಲ್‌ಗಳ ಪಟ್ಟಿ ತೆಗೆದು ನೀವೇ ಅಳಿಸಿ, ಆಮೇಲೆ 'ನ್ಯೂ' ಓಡಿಸಿ. ಒಮ್ಮೆ ಪಟ್ಟಿಯನ್ನು ಕಣ್ಣಲ್ಲಿ ನೋಡಿ.

ಎನ್‌ಕ್ರಿಪ್ಟ್ ಆದ ಮೇಲ್ ಹುಡುಕಬಹುದಾ?

ಬಿಚ್ಚಿ ಇಂಡೆಕ್ಸ್ ಮಾಡುವ ಆಯ್ಕೆ ಇದೆ. ಆದರೆ ಗುಟ್ಟಿನ ಮೇಲ್‌ನ ಪದಗಳು ಇಂಡೆಕ್ಸ್‌ನಲ್ಲಿ ಬಯಲಾಗಿ ಕೂರುತ್ತವೆ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಯೋಚಿಸಿ.

ಬಗ್ ಸಿಕ್ಕಿದೆ ಅನಿಸುತ್ತಿದೆ. ಎಲ್ಲಿಂದ ಹಿಡಿಯಲಿ?

ಮೊದಲು ಯಾವ ಪದರದಲ್ಲಿ ಇದೆ ನೋಡಿ. ಈಮ್ಯಾಕ್ಸ್ ಮುಖ ಲೈಬ್ರರಿಯನ್ನು ನೇರ ಮುಟ್ಟುವುದಿಲ್ಲ. ತೆರೆಯ ಹಿಂದೆ ನಾಟ್‌ಮಚ್ ಕಮಾಂಡ್ ಓಡಿಸಿ ಅದರ ಉತ್ತರ ತೋರಿಸುತ್ತದೆ. ಹಾಗಾಗಿ ಅದೇ ಹುಡುಕಾಟವನ್ನು ಟರ್ಮಿನಲ್‌ನಲ್ಲಿ ಮಾಡಿ. ಅಲ್ಲಿ ಸರಿ ಇದ್ದರೆ ತಪ್ಪು ಈಮ್ಯಾಕ್ಸ್ ಡೈರೆಕ್ಟರಿಯಲ್ಲಿದೆ. ಅಲ್ಲೂ ತಪ್ಪಿದ್ದರೆ ಕಮಾಂಡ್ ಕೋಡ್ ಅಥವಾ 'ಲಿಬ್' ಡೈರೆಕ್ಟರಿ.

ಹುಡುಕಾಟದ ಬಗ್ ಆದರೆ 'ನಾಟ್‌ಮಚ್ ಡಿಬಗ್ ಕ್ವೆರಿ' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಏನಾದರೂ ಬೆಲೆ ಕೊಟ್ಟು ಓಡಿಸಿ. ಎಲ್ಲ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ನೀವು ಬರೆದದ್ದನ್ನು ಝ್ಯಾಪಿಯನ್ ಹೇಗೆ ಅರ್ಥ ಮಾಡಿಕೊಂಡಿತು ಎಂದು ಮುದ್ರಿಸುತ್ತದೆ. ನಾನು ಬಗ್ ಎಂದು ಹಾರಾಡಿದ ಬಹುಪಾಲು ಸಲ ಇದನ್ನು ನೋಡಿ ತಣ್ಣಗಾಗಿದ್ದೇನೆ. ಇಂಡೆಕ್ಸ್‌ನಲ್ಲಿ ನಿಜವಾಗಿ ಯಾವ ಪದ ಇದೆ ಎಂದು ನೋಡಲು ಝ್ಯಾಪಿಯನ್ ಜೊತೆ 'ಡೆಲ್ವ್' ಎಂಬ ಸಲಕರಣೆ ಬರುತ್ತದೆ. ಪೌಂಡ್ ಚಿಹ್ನೆಯಲ್ಲಿ ತುಂಡಾದ ಕನ್ನಡ ನನಗೆ ಕಂಡದ್ದು ಅದರಲ್ಲೇ.

ಟೆಸ್ಟ್ ಹೇಗೆ ಓಡಿಸುವುದು? ನನ್ನ ಮೇಲ್‌ಗೆ ಏನೂ ಆಗಲ್ಲ ತಾನೇ?

ಆಗಲ್ಲ. ಪ್ರತಿ ಟೆಸ್ಟ್ ತನ್ನದೇ ತಾತ್ಕಾಲಿಕ ಡೈರೆಕ್ಟರಿ ಮಾಡಿಕೊಂಡು, ಸುಳ್ಳು ಮೇಲ್‌ಗಳನ್ನು ಹುಟ್ಟಿಸಿ, ಅದರ ಮೇಲೆ ಓಡುತ್ತದೆ. 'ಕಾನ್ಫಿಗರ್', ಆಮೇಲೆ 'ಮೇಕ್', ಆಮೇಲೆ 'ಮೇಕ್ ಟೆಸ್ಟ್'. ಟೆಸ್ಟ್‌ಗಳು ಬ್ಯಾಶ್ ಸ್ಕ್ರಿಪ್ಟ್‌ಗಳು. ಅವುಗಳ ಚೌಕಟ್ಟು, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ 'ಗಿಟ್'ನ ಟೆಸ್ಟ್‌ಗಳಿಂದ ಬಂದದ್ದು. ಒಂದೇ ಸ್ಕ್ರಿಪ್ಟ್ ಬೇಕಿದ್ದರೆ ಟೆಸ್ಟ್ ಡೈರೆಕ್ಟರಿಗೆ ಹೋಗಿ ಅದನ್ನಷ್ಟೇ ಓಡಿಸಿ. ಮೆಮೊರಿ ತಪ್ಪು ಹುಡುಕಲು ವಾಲ್‌ಗ್ರೈಂಡ್ ಆಯ್ಕೆಯೂ ಇದೆ.

ಪ್ಯಾಚ್ ಕಳಿಸುವ ಕ್ರಮ ಏನು?

ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ್ಧತಿ ಇದೆ. ಎರಡು ಪ್ಯಾಚ್ ಕಳಿಸಬೇಕು. ಮೊದಲನೆಯದು ಬಗ್ ತೋರಿಸುವ ಟೆಸ್ಟ್ ಮಾತ್ರ. ಅದಕ್ಕೆ 'ಗೊತ್ತಿರುವ ಮುರುಕು' ಎಂಬ ಗುರುತು ಹಾಕುತ್ತಾರೆ, ಫೇಲ್ ಆದರೂ ಒಟ್ಟು ಲೆಕ್ಕ ಕೆಡದಿರಲಿ ಎಂದು. ಎರಡನೆಯದು ಬಗ್ ಸರಿಮಾಡಿ ಆ ಗುರುತನ್ನು ತೆಗೆಯುತ್ತದೆ. ಓದುವವರು ಮೊದಲನೆಯದನ್ನು ಹಾಕಿಕೊಂಡು ಬಗ್ ಇರುವುದು ನಿಜ ಎಂದು ತಾವೇ ನೋಡಬಹುದು. ಸರಿಮಾಡಲು ಬರದಿದ್ದರೂ ಮೊದಲನೆಯದನ್ನಷ್ಟೇ ಕಳಿಸಬಹುದು. ಉದ್ದುದ್ದ ದೂರಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಇಂಡೆಂಟ್ 4, ಟ್ಯಾಬ್ 8, ಫಂಕ್ಷನ್ ಹೆಸರಿಗೂ ಆವರಣಕ್ಕೂ ನಡುವೆ ಒಂದು ಜಾಗ. ಕಮಿಟ್ ಶೀರ್ಷಿಕೆಯ ಮೊದಲಲ್ಲಿ ಯಾವ ಭಾಗ ಎಂದು ಬರೆಯಿರಿ: ಲಿಬ್, ಸಿಎಲ್ಐ (ಕಮಾಂಡ್ ಕೋಡ್), ಈಮ್ಯಾಕ್ಸ್, ಟೆಸ್ಟ್, ಡಾಕ್. ಪ್ಯಾಚ್ ಹೋಗುವುದು ಇಮೇಲ್ ಮೂಲಕ, 'ಗಿಟ್ ಸೆಂಡ್‌ಇಮೇಲ್' ಬಳಸಿ. ಮೇಲ್ ಸಲಕರಣೆ ಮಾಡುವವರು ಬೇರೆ ದಾರಿ ಇಟ್ಟುಕೊಂಡಿದ್ದರೆ ನಗೆಪಾಟಲು ಆಗುತ್ತಿತ್ತು.

ಬಗ್‌ಗಳ ಲೆಕ್ಕ ಎಲ್ಲಿ ಇಡುತ್ತಾರೆ?

ನಾಟ್‌ಮಚ್‌ನಲ್ಲೇ! ಬಗ್ ಮತ್ತು ಪ್ಯಾಚ್ ಎಲ್ಲ ಮೇಲ್ ಆಗಿ ಬರುವುದರಿಂದ ಅವುಗಳಿಗೆ ಟ್ಯಾಗ್ ಹಾಕುತ್ತಾರೆ. ಇದು ಬಗ್, ಇದು ಪ್ಯಾಚ್, ಇದು ತಿದ್ದಿ ಬರಬೇಕು, ಹೀಗೆ. 'ನಾಟ್‌ಮಚ್' ಎಂದು ಶುರುವಾಗುವ ಆ ಟ್ಯಾಗ್‌ಗಳನ್ನಷ್ಟೇ ಒಂದು ಗಿಟ್ ರೆಪೊದಲ್ಲಿ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ಮೇಲ್ ನಿಮ್ಮದು, ಟ್ಯಾಗ್ ಎಲ್ಲರದ್ದು. ಇದಕ್ಕೆ ಬರೆದ ಸ್ಕ್ರಿಪ್ಟ್ ಎನ್ಎಂಬಗ್. 2022ರ 0.37ರಲ್ಲಿ ಅದು 'ನಾಟ್‌ಮಚ್ ಗಿಟ್' ಎಂದು ಹೆಸರು ಬದಲಿಸಿ ಎಲ್ಲರ ಬಳಕೆಗೂ ಬಂತು. ಮನೆಯ ಕಂಪ್ಯೂಟರಿಗೂ ಲ್ಯಾಪ್‌ಟಾಪಿಗೂ ಟ್ಯಾಗ್ ಹೊಂದಿಸಲು ಈಗ ನಾನು ಬಳಸುವುದೂ ಅದನ್ನೇ.

ಪ್ಯಾಚ್ ಕಳಿಸಿ ಮೂರು ವಾರ ಆಯಿತು, ಉತ್ತರವೇ ಇಲ್ಲ.

ಸಂಬಳವಿಲ್ಲದೆ ಬಿಡುವಿನಲ್ಲಿ ನೋಡುವವರು. ಒಮ್ಮೆ ವಿನಯವಾಗಿ ನೆನಪಿಸಿ. ಅಷ್ಟರಲ್ಲಿ ಇನ್ನೊಬ್ಬರ ಪ್ಯಾಚ್ ಹಾಕಿಕೊಂಡು ಓಡಿಸಿ, ಏನಾಯಿತು ಎಂದು ಬರೆಯಿರಿ.

ನನಗೆ ಸಿ ಬರಲ್ಲ. ನನ್ನಿಂದ ಏನಾಗುತ್ತದೆ?

ಬ್ಯಾಶ್ ಅಲ್ಪಸ್ವಲ್ಪ ಬರುತ್ತದಾ? ಹಾಗಾದರೆ ಟೆಸ್ಟ್ ಬರೆಯಿರಿ. ಒಂದು ಸುಳ್ಳು ಮೇಲ್ ಮಾಡಿ. ವಿಷಯ 'ಊರಿಗೆ ಬರ್ತೀನಿ' ಎಂದಿರಲಿ. 'ಊರ*' ಹುಡುಕಿದರೆ ಸಿಗಬೇಕು, 'ಊರು*' ಹುಡುಕಿದರೆ ಸಿಗಬಾರದು. ಅದಕ್ಕೊಂದು ಕನ್ನಡ ಟ್ಯಾಗ್ ಹಾಕಿ, ಡಂಪ್ ಮಾಡಿ, ಇಂಡೆಕ್ಸ್ ಅಳಿಸಿ, ಮತ್ತೆ ಕಟ್ಟಿ, ರೀಸ್ಟೋರ್ ಮಾಡಿ. ಟ್ಯಾಗ್ ಅಕ್ಷರಕ್ಕೆ ಅಕ್ಷರ ಹಾಗೇ ಇದೆಯಾ ನೋಡಿ. ಇಪ್ಪತ್ತು ಸಾಲು ದಾಟುವುದಿಲ್ಲ. ಬರೆಯುವಾಗ ಯಾವುದಾದರೂ ಒಂದು ಹೆಜ್ಜೆ ನೀವಂದುಕೊಂಡ ಹಾಗೆ ಆಗದಿದ್ದರೆ ಅದೇ ನಿಮ್ಮ ಮೊದಲ ಬಗ್.